ನಮ್ಮ ತೋಟದ ಲೈನ್‌ಮನೆಯ ಬಸುರಿ ಹುಡುಗಿ ಚೆಕಪ್‌ಗೆ ಹೋಗುತ್ತಿಲ್ಲ, ಹೇಗೆ ತಿಳಿಸಿ ಹೇಳಲಿ?

ಆ ಹುಡುಗಿಯ ಹಾಗೆಯೇ ನಾನೂ ಇದ್ದೆ. ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಲೈನ್‌ಮನೆ, ಎರಡನೇ ಬಸುರಿ. ಅವಳಿಗೆ ತಿಳುವಳಿಕೆ ಕಮ್ಮಿ ಅಂತ ಬರೆದಿದ್ದೀರಿ. ನನಗೆ ತಿಳುವಳಿಕೆ ಇತ್ತು. ಮೂರು ತಿಂಗಳೊಳಗೇ ಆಶಾ ಅಕ್ಕ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿದ್ದರು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರೇ ಬಸುರಿಯರನ್ನು ಫ್ರೀಯಾಗಿ ನೋಡುತ್ತಾರೆ ಅನ್ನುವುದೂ ಗೊತ್ತಿತ್ತು.

ಆದರೆ ಅದು ಜನವರಿ. ರೊಬಸ್ಟಾ ಕಾಫಿ ಕೊಯ್ಲು. ಕೆಜಿ ಲೆಕ್ಕದ ಕೂಲಿ, ವರ್ಷದಲ್ಲಿ ನಾಲ್ಕು ಕಾಸು ಕೈಗೆ ಸಿಗುವುದೇ ಆಗ. ಬೆಳಗಿನ ಬಸ್ಸು ಹಿಡಿಯಬೇಕು ಅಂದರೆ ತೋಟದ ದಾರಿಯಲ್ಲಿ ಆನೆ ಭಯ, ಒಬ್ಬಳೇ ನಡೆಯುವಂತಿಲ್ಲ, ಗಂಡ ಜೊತೆಗೆ ಬಂದರೆ ಇಬ್ಬರ ಕೂಲಿಯೂ ಹೋಯಿತು, ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು? ಅತ್ತೆ ಬೇರೆ, "ಮೊದಲನೇದು ಸುಸೂತ್ರವಾಗಿ ಆಯ್ತಲ್ವಾ" ಅಂದರು. ಜನವರಿ 9ಕ್ಕೆ ಹೋಗಲಿಲ್ಲ.

ನನ್ನ ದೊಡ್ಡ ತಪ್ಪು ಅದಲ್ಲ. ಅದಾದ ವಾರಕ್ಕೆ ಕಾಲು ಊದಿತು, ಆಮೇಲೆ ಕೈಬೆರಳು, ಮುಖ. ದಿನವಿಡೀ ನಿಂತು ಕುಯ್ಯುತ್ತೇನೆ, ಊದದೇ ಇರುತ್ತಾ ಅಂದುಕೊಂಡೆ. ತಲೆನೋವು ಶುರುವಾಯಿತು, ಅಂಗಡಿಯ ಮಾತ್ರೆ ನುಂಗಿದೆ. ಹೇಗೂ ಫೆಬ್ರವರಿ 9ಕ್ಕೆ ಹೋಗುತ್ತೇನಲ್ಲ, ಆಗ ಎಲ್ಲಾ ಒಟ್ಟಿಗೆ ಹೇಳಿದರಾಯಿತು ಅಂತ ಕಾದೆ. ಹಾಗೆ ಕಾದದ್ದೇ ತಪ್ಪು. 9 ಅಂದರೆ ಡಾಕ್ಟರ್ ನೋಡುವ ದಿನ, ಅಷ್ಟೇ. ಆ ಊತ, ತಲೆನೋವು ಬಿಪಿ ಏರಿದ್ದರ ಗುರುತು, ಅದನ್ನು ನೋಡಿಸಲು ತಾರೀಕು ಬೇಕಿರಲಿಲ್ಲ. ಆರೋಗ್ಯ ಉಪಕೇಂದ್ರದ ಸಿಸ್ಟರ್ ಮುಂದೆ ಕೈ ಚಾಚಿದ್ದರೆ ಎರಡು ನಿಮಿಷದ ಕೆಲಸ. 140/90 ದಾಟಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ಅವತ್ತೇ ಗೊತ್ತಾಗುತ್ತಿತ್ತು. ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು, ಬಿಪಿ ಮಾತ್ರೆ ಶುರುವಾಗುತ್ತಿತ್ತು. ನಾನು ಮೂರು ವಾರ ಸುಮ್ನೆ ಇದ್ದೆ.

ಫೆಬ್ರವರಿ 4ರ ರಾತ್ರಿ ಕಣ್ಣು ಮಂಜಾಯಿತು, ಫಿಟ್ಸ್ ಬಂತು. 108ರಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದದ್ದು ನನಗೆ ನೆನಪಿಲ್ಲ. ನಾನು ಉಳಿದೆ. ಮಗು ಮೂರು ದಿನ ಇತ್ತು. ಹೆಣ್ಣು.

ಹಾಗಾಗಿ ದಯವಿಟ್ಟು ಅವಳಿಗೆ ತಿಳಿಸಿ ಹೇಳಲು ಹೋಗಬೇಡಿ. ತೋಟ ನಿಮ್ಮದು ಅಲ್ವಾ? 9ಕ್ಕೆ ಕೂಲಿ ಸಮೇತ ರಜೆ ಕೊಡಿ, ಕೊಯ್ಲಿನ ದಿನ ಅವಳು ಎಷ್ಟು ಕುಯ್ಯುತ್ತಾಳೋ ಅಷ್ಟರ ಕೂಲಿಯನ್ನೇ ಆ ರಜೆಗೂ ಕೊಡಿ, ಹಾಜರಿ ಕೂಲಿ ಮಾತ್ರ ಕೊಟ್ಟರೆ ಅವಳು ಹೋಗುವುದಿಲ್ಲ. ಜೀಪಿನಲ್ಲಿ ಕಳಿಸಿ. ಜೊತೆಗೆ ಇನ್ನೊಬ್ಬ ಹೆಂಗಸನ್ನೂ ಕಳಿಸಿ, ಅವಳ ಕೂಲಿಯೂ ನಿಮ್ಮದೇ. ಒಂದು ದಿನದ ಹಣ್ಣು ಗಿಡದಲ್ಲೇ ಇರುತ್ತದೆ, ಎಲ್ಲೂ ಹೋಗುವುದಿಲ್ಲ.

ಇವತ್ತು ಸಂಜೆ ಒಮ್ಮೆ ನಿಮ್ಮ ಮನೆಯ ಹೆಂಗಸರು ಯಾರಾದರೂ ಹೋಗಿ ಅವಳ ಕೈ, ಮುಖ ನೋಡಲಿ, ತಲೆನೋವು ಇದೆಯಾ ಅಂತ ಕೇಳಲಿ. ಊದಿದ್ದರೆ 9ರ ತನಕ ಕಾಯಬೇಡಿ.