ಬೆಳಕಿಗೆ ದ್ರವ್ಯರಾಶಿ ಇದೆಯಾ? ಕಪ್ಪುಕುಳಿಯ ಸಾಕ್ಷಿ

ಪ್ರಶ್ನೆ: ಬೆಳಕಿನ ಕಣವಾದ ಫೋಟಾನ್‌ಗೆ ದ್ರವ್ಯರಾಶಿ ಇಲ್ಲ ಎಂದು ಪಾಠದಲ್ಲಿ ಓದಿದ್ದೇವೆ. ಅದನ್ನು ಕಪ್ಪುಕುಳಿಗಳಿಂದ ಪರೀಕ್ಷಿಸಬಹುದಂತೆ. ಬೆಳಕನ್ನೇ ನುಂಗುವ ವಸ್ತುವಿನಿಂದ ಬೆಳಕಿನ ಪರೀಕ್ಷೆ ಹೇಗೆ ಸಾಧ್ಯ?

ಉತ್ತರ: ಒಳಗೆ ಬಿದ್ದ ಬೆಳಕು ಏನನ್ನೂ ಹೇಳುವುದಿಲ್ಲ, ನಿಜ. ಇಲ್ಲಿ ನೋಡಬೇಕಾದ್ದು ಕಪ್ಪುಕುಳಿ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದನ್ನು.

ತಿರುಗುವ ಕಪ್ಪುಕುಳಿಯ ಹತ್ತಿರ ಹಾದುಹೋಗುವ ಕೆಲವು ಕಡಿಮೆ ಆವರ್ತನದ ಅಲೆಗಳು ಆ ತಿರುಗಾಟದಿಂದಲೇ ಸ್ವಲ್ಪ ಶಕ್ತಿ ಕದಿಯುತ್ತವೆ. ಬಂದದ್ದಕ್ಕಿಂತ ಬಲವಾಗಿ ಹೊರಗೆ ಹೋಗುತ್ತವೆ. ಮಾಮೂಲಿ ಬೆಳಕಿನ ಕಥೆ ಅಲ್ಲಿಗೆ ಮುಗಿಯಿತು. ಆದರೆ ಫೋಟಾನ್‌ಗೆ ಚೂರೇ ಚೂರು ದ್ರವ್ಯರಾಶಿ ಇದ್ದರೂ ಇಂಥ ಅಲೆಗಳು ಗುರುತ್ವ ಬಿಟ್ಟು ದೂರ ಹೋಗಲಾರವು. ಅಲ್ಲೇ ಸುತ್ತುತ್ತಾ ಮತ್ತೆ ಮತ್ತೆ ಶಕ್ತಿ ಹೀರುತ್ತವೆ. ಚಕ್ರಬಡ್ಡಿಯ ಹಾಗೆ ಬೆಳೆಯುತ್ತಲೇ ಹೋಗುತ್ತವೆ. ಕೊನೆಗೆ ಕಪ್ಪುಕುಳಿಯ ತಿರುಗಾಟವೇ ಇಳಿದುಹೋಗಬೇಕು. 1972ರಲ್ಲಿ ಭೌತವಿಜ್ಞಾನಿಗಳಾದ ಪ್ರೆಸ್ ಮತ್ತು ಟ್ಯುಕೋಲ್ಸ್ಕಿ ಇಂಥದ್ದಕ್ಕೆ 'ಕಪ್ಪುಕುಳಿ ಬಾಂಬ್' ಎಂದು ಹೆಸರಿಟ್ಟರು. ಅಲೆಗಳನ್ನು ತಡೆದು ವಾಪಸ್ ಕಳಿಸಲು ಅವರು ಕಪ್ಪುಕುಳಿಯ ಸುತ್ತ ಕನ್ನಡಿಯನ್ನು ಕಲ್ಪಿಸಿಕೊಂಡಿದ್ದರು. ಇಲ್ಲಿ ಆ ಕೆಲಸವನ್ನು ಫೋಟಾನ್‌ನ ದ್ರವ್ಯರಾಶಿಯೇ ಮಾಡುತ್ತದೆ.

ಅಂದರೆ, ಹಳೆಯ ಭಾರೀ ಕಪ್ಪುಕುಳಿಯೊಂದು ಇಂದಿಗೂ ಜೋರಾಗಿ ತಿರುಗುತ್ತಿದ್ದರೆ, ಅದರ ಶಕ್ತಿ ಕದಿಯುವಂಥ ಫೋಟಾನ್ ಇಲ್ಲ ಅಂತಲೇ ಅರ್ಥ, ಅಲ್ವಾ? ತಿರುಗುವ ವೇಗ ತಿಳಿಯಲು ಸುತ್ತಲಿನ ಅನಿಲದಲ್ಲಿರುವ ಕಬ್ಬಿಣ ಹೊಮ್ಮಿಸುವ ಎಕ್ಸ್-ಕಿರಣ ನೋಡುತ್ತಾರೆ. ರೋಹಿತದಲ್ಲಿ ಅದು ಒಂದು ರೇಖೆಯಾಗಿ ಕಾಣುತ್ತದೆ. ಕಪ್ಪುಕುಳಿ ಜೋರಾಗಿ ತಿರುಗಿದಷ್ಟೂ ಅನಿಲ ಅದಕ್ಕೆ ಹತ್ತಿರ ಸುತ್ತಬಲ್ಲದು, ಹತ್ತಿರವಾದಷ್ಟೂ ಆ ರೇಖೆ ಜಾಸ್ತಿ ಹಿಗ್ಗಿ ಕಲಸಿಹೋಗಿರುತ್ತದೆ. ಎನ್‌ಜಿಸಿ 1365 ಗ್ಯಾಲಕ್ಸಿಯ ಕಪ್ಪುಕುಳಿ ಗರಿಷ್ಠ ಮಿತಿಯ ಹತ್ತಿರ ತಿರುಗುತ್ತಿದೆ ಎಂದು 2013ರಲ್ಲಿ ನುಸ್ಟಾರ್ ಎಂಬ ಎಕ್ಸ್-ಕಿರಣ ದೂರದರ್ಶಕದ ನೆರವಿನಿಂದ ತಿಳಿದದ್ದು ಹೀಗೆ.

ಅಲೆಯ ಉದ್ದ ಮತ್ತು ಕಪ್ಪುಕುಳಿಯ ಗಾತ್ರ ಒಂದಕ್ಕೊಂದು ಹೊಂದಬೇಕು. ಫೋಟಾನ್‌ನ ದ್ರವ್ಯರಾಶಿ ಚಿಕ್ಕದಾದಷ್ಟೂ ಈ ಅಲೆ ಉದ್ದವಾಗುತ್ತದೆ. ಹಾಗಾಗಿ ಕಪ್ಪುಕುಳಿ ದೊಡ್ಡದಾದಷ್ಟೂ ಇನ್ನೂ ಚಿಕ್ಕ ದ್ರವ್ಯರಾಶಿಯನ್ನು ಪರೀಕ್ಷಿಸಬಹುದು. 2012ರಲ್ಲಿ ಭೌತವಿಜ್ಞಾನಿ ಪಾವೊಲೊ ಪಾನಿ ಮತ್ತು ಸಂಗಡಿಗರು ಭಾರೀ ಕಪ್ಪುಕುಳಿಗಳ ಲೆಕ್ಕ ಹಾಕಿ, ಫೋಟಾನ್‌ಗೆ ದ್ರವ್ಯರಾಶಿ ಇದ್ದರೂ ಅದು ಸುಮಾರು 10⁻²⁰ ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ದ್ರವ್ಯರಾಶಿಯನ್ನು ಶಕ್ತಿಯ ಲೆಕ್ಕದಲ್ಲಿ ಹೇಳುವ ಏಕಮಾನ) ಕಡಿಮೆ ಎಂದರು. ಎಲೆಕ್ಟ್ರಾನ್‌ನದ್ದು ಸುಮಾರು 5.11 ಲಕ್ಷ ಎಲೆಕ್ಟ್ರಾನ್ ವೋಲ್ಟ್, ಹೋಲಿಸಿ ನೋಡಿ! ಸೊನ್ನೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಮೇಲಿನ ಮಿತಿ ಕೆಳಗಿಳಿಯುತ್ತದೆ, ಅಷ್ಟೇ. ನಿಮ್ಮ ಪಾಠದ ಪರೀಕ್ಷೆಯಲ್ಲಿ ಮಾತ್ರ ಸುಮ್ನೆ ಸೊನ್ನೆ ಎಂದೇ ಬರೆಯಿರಿ.

ಒಂದು ತಕರಾರು ಉಳಿದಿದೆ. ಕಪ್ಪುಕುಳಿಯ ಸುತ್ತ ಖಾಲಿ ಜಾಗ ಇಲ್ಲ, ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಇರುವ ಕಣಗಳ ಅನಿಲ, ಇದೆ. ಪ್ಲಾಸ್ಮಾದೊಳಗೆ ಮಾಮೂಲಿ ಫೋಟಾನ್ ಕೂಡ ದ್ರವ್ಯರಾಶಿ ಇದ್ದಂತೆ ವರ್ತಿಸುತ್ತದೆ, ಲೆಕ್ಕ ಕಲಸಿಹೋಗಬಹುದು. ಹಾಗಾಗಿ ಸೌರಮಾರುತದ (ಸೂರ್ಯನಿಂದ ಹರಿದುಬರುವ ಕಣಗಳ ಪ್ರವಾಹದ) ಕಾಂತಕ್ಷೇತ್ರದಿಂದ ಸಿಕ್ಕ 10⁻¹⁸ ಎಲೆಕ್ಟ್ರಾನ್ ವೋಲ್ಟ್‌ನ ಮಿತಿಯನ್ನೇ ನಾನು ಸದ್ಯಕ್ಕೆ ಜಾಸ್ತಿ ನಂಬುತ್ತೇನೆ.