ಗುಂಡಿ ಪೂರ್ತಿ ಇಳಿಸಿದರೂ ಹೀಟರ್ ಆರುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಇದ್ದೇವೆ. ಕಳೆದ ವರ್ಷ ಕೊಂಡ ಮನೆ 1980ರ ದಶಕದ್ದು. ಪ್ರತಿ ಕೋಣೆಯಲ್ಲೂ ಗೋಡೆಯ ಬುಡದಲ್ಲಿ ಉದ್ದನೆಯ ಬೇಸ್‌ಬೋರ್ಡ್ ಹೀಟರ್, ಗೋಡೆ ಮೇಲೆ ಬಿಸಿ ಎಷ್ಟಿರಬೇಕು ಅಂತ ತಿರುಗಿಸಿ ಇಡುವ ಹಳೇ ಥರ್ಮೋಸ್ಟಾಟ್. ಶಿವಮೊಗ್ಗದಿಂದ ಅಮ್ಮ ಬಂದಿದ್ದಾರೆ. ಅವರ ಕೋಣೆಯ ಹೀಟರ್ ಒಂದು ವಾರದಿಂದ ಆರುವುದೇ ಇಲ್ಲ. ಗುಂಡಿ ಪೂರ್ತಿ ಇಳಿಸಿದರೂ ಸುಡುತ್ತಲೇ ಇರುತ್ತದೆ, ಅಮ್ಮ ಚಳಿಯಲ್ಲೂ ಕಿಟಕಿ ತೆಗೆದು ಮಲಗುತ್ತಾರೆ. ನಮ್ಮ ಯಜಮಾನರು ಊರಲ್ಲಿ ಸ್ವಿಚ್ಚು, ಸಾಕೆಟ್ಟು ಎಲ್ಲ ತಾವೇ ಬದಲಾಯಿಸುತ್ತಿದ್ದರು. ಇದೂ ಅಷ್ಟೇ ಅಲ್ವಾ? ಫೋನಿನಿಂದ ನಡೆಸುವ ಥರ್ಮೋಸ್ಟಾಟ್ ಹಾಕಬಹುದಾ?

ಉತ್ತರ: ಮೊದಲು ಆ ಕೋಣೆಯ ಬ್ರೇಕರ್ ಆಫ್ ಮಾಡಿ, ಇವತ್ತೇ. ಅಮ್ಮನಿಗೆ ಬೇರೆ ಕೋಣೆಯಲ್ಲಿ ಹಾಸಿಗೆ ಹಾಸಿಕೊಡಿ. ಉಳಿದದ್ದು ಆಮೇಲೆ.

ಹೀಟರ್ ಕೆಟ್ಟಿಲ್ಲ, ಬಿಸಿಯಾಗುತ್ತಿದೆಯಲ್ಲ. ಕೆಟ್ಟಿರುವುದು ಥರ್ಮೋಸ್ಟಾಟ್. ಅದರೊಳಗೆ ಎರಡು ಬೇರೆ ಬೇರೆ ಲೋಹ ಅಂಟಿಸಿದ ಪಟ್ಟಿ ಇರುತ್ತದೆ. ಬಿಸಿಗೆ ಅದು ಬಾಗುತ್ತದೆ, ಟಿಕ್ ಅಂತ ಕಾಂಟ್ಯಾಕ್ಟ್ ಬಿಡುತ್ತದೆ. ಬಿಡುವಾಗೆಲ್ಲ ಸಣ್ಣ ಕಿಡಿ. ಹೀಗೆ ವರ್ಷಗಟ್ಟಲೆ ಕಿಡಿ ತಿಂದ ಕಾಂಟ್ಯಾಕ್ಟ್‌ಗಳು ಕೊನೆಗೊಂದು ದಿನ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ. ಆಮೇಲೆ ಗುಂಡಿ ಎಲ್ಲಿಗೆ ತಿರುಗಿಸಿದರೂ ಒಂದೇ.

ಇನ್ನು "ಇದೂ ಅಷ್ಟೇ ಅಲ್ವಾ" ಅನ್ನುವ ಮಾತು. ಅಷ್ಟೇ ಅಲ್ಲ. ನಾನು ಹೆಚ್ಚು ಹೆದರುವುದು ಇಲ್ಲಿಯೇ. ನಮ್ಮೂರಿನ 230 ವೋಲ್ಟ್‌ನಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್. ಟೆಸ್ಟರ್ ಇಟ್ಟರೆ ಒಂದೇ ತಂತಿಯಲ್ಲಿ ದೀಪ ಹತ್ತುತ್ತದೆ. ನಿಮ್ಮ ಬೇಸ್‌ಬೋರ್ಡ್‌ಗೆ ಬರುವ 240 ವೋಲ್ಟ್‌ನಲ್ಲಿ ನ್ಯೂಟ್ರಲ್ಲೇ ಇಲ್ಲ. ಎರಡು ತಂತಿಯೂ ಫೇಸ್, ಎರಡರಲ್ಲೂ ಭೂಮಿಗೆ ಹೋಲಿಸಿದರೆ 120 ವೋಲ್ಟ್ ಇರುತ್ತದೆ. ಬಣ್ಣ ನೋಡಿದರೆ ಇನ್ನೂ ಮೋಸ. ಊರಿನ ವೈರಿಂಗ್‌ನಲ್ಲಿ ಕಪ್ಪು ಅಂದರೆ ನ್ಯೂಟ್ರಲ್, ಅಲ್ಲಿ ಕಪ್ಪು ಅಂದರೆ ಫೇಸ್. ಅಲ್ಲಿ ಬಿಳಿ ಸಾಮಾನ್ಯವಾಗಿ ನ್ಯೂಟ್ರಲ್, ಆದರೆ ಈ ಹೀಟರ್ ಲೈನಿನಲ್ಲಿ ಬಿಳಿಯೂ ಫೇಸೇ ಆಗಿರುತ್ತದೆ. ಅದಕ್ಕೆ ಕಪ್ಪೋ ಕೆಂಪೋ ಟೇಪು ಸುತ್ತಿ ಗುರುತು ಮಾಡಬೇಕು, ಹಳೇ ಮನೆಗಳಲ್ಲಿ ಎಷ್ಟೋ ಕಡೆ ಮಾಡಿರುವುದಿಲ್ಲ. ಊರಿನ ಅಭ್ಯಾಸ ಇರುವ ಕೈ ಯೋಚನೆ ಮಾಡದೆ ಕೆಲಸ ಮಾಡುತ್ತದೆ. ಯಜಮಾನರಿಗೆ ಇದನ್ನು ಓದಿ ಹೇಳಿ.

ಥರ್ಮೋಸ್ಟಾಟ್‌ನಲ್ಲಿ ಎರಡು ಜಾತಿ. ಸಿಂಗಲ್ ಪೋಲ್ ಎರಡರಲ್ಲಿ ಒಂದೇ ತಂತಿ ಕಡಿಯುತ್ತದೆ. ಹೀಟರ್ ತಣ್ಣಗಿದ್ದರೂ ಇನ್ನೊಂದು ತಂತಿಯಲ್ಲಿ ಕರೆಂಟ್ ಹೀಟರ್ ತನಕ ಬಂದು ನಿಂತಿರುತ್ತದೆ. ಡಬಲ್ ಪೋಲ್ ಎರಡನ್ನೂ ಕಡಿಯುತ್ತದೆ, ಅದರಲ್ಲಿ ನಿಜವಾದ ಆಫ್ ಇರುತ್ತದೆ. ಬ್ರೇಕರ್ ಆಫ್ ಮಾಡಿ, ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿ, ಮೆಲ್ಲಗೆ ಮುಂದಕ್ಕೆ ಎಳೆದು, ಯಾವುದನ್ನೂ ಮುಟ್ಟುವ ಮುಂಚೆ ಟೆಸ್ಟರ್ ಹಿಡಿಯಿರಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಒಂದು ಸಾಕೆಟ್ಟಿಗೆ ಇಟ್ಟು ಅದು ಕೆಲಸ ಮಾಡುತ್ತದಾ ನೋಡಿ, ಆಮೇಲೆ ಇಲ್ಲಿನ ಪ್ರತಿ ತಂತಿಗೂ ಇಟ್ಟು ನೋಡಿ, ಮತ್ತೆ ಸಾಕೆಟ್ಟಿಗೆ. ಇದು ಜಾಸ್ತಿ ಆಯ್ತು ಅನ್ನಬೇಡಿ. ಆಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದು ತಂತಿ ಎಣಿಸಿ. ಥರ್ಮೋಸ್ಟಾಟ್‌ಗೆ ನಾಲ್ಕು ಬಂದಿದ್ದರೆ ಡಬಲ್ ಪೋಲ್, ಎರಡೇ ಇದ್ದರೆ ಸಿಂಗಲ್. ಆದರೆ ಎರಡೇ ಇದ್ದರೂ ಥರ್ಮೋಸ್ಟಾಟ್ ಹಿಂದೆ ಗೋಡೆಯೊಳಗಿರುವ ಡಬ್ಬದಲ್ಲಿ ಇಣುಕಿ ನೋಡಿ. ಎಷ್ಟೋ ಸಲ ಬ್ರೇಕರ್‌ನಿಂದ ಬಂದ ಇನ್ನೊಂದು ತಂತಿಯನ್ನು ಹೀಟರ್ ತಂತಿಗೆ ಅಲ್ಲೇ ಸೇರಿಸಿ ಮೂಲೆಗೆ ತಳ್ಳಿರುತ್ತಾರೆ. ಹಾಗಿದ್ದರೆ ಡಬಲ್ ಪೋಲೇ ಹಾಕಿ, ಅಮ್ಮ ಮಲಗುವ ಕೋಣೆ ಅದು. ಬ್ರೇಕರ್ ಕಡೆಯ ಜೋಡಿ 'ಲೈನ್'ಗೆ, ಹೀಟರ್ ಕಡೆಯ ಜೋಡಿ 'ಲೋಡ್'ಗೆ.

ಫೋನಿನದು ಹಾಕಬಹುದು, ಆದರೆ ಅಂಗಡಿಯಲ್ಲಿ ಎಲ್ಲರೂ ಕೊಳ್ಳುವ ಆ ದುಂಡನೆಯದು ಬೇಡವೇ ಬೇಡ. ಅದು ಗಾಳಿ ಬೀಸುವ ದೊಡ್ಡ ಫರ್ನೇಸ್‌ಗೆ, 24 ವೋಲ್ಟ್‌ನದು. ನಿಮಗೆ ಬೇಕಾದದ್ದು 'ಲೈನ್ ವೋಲ್ಟೇಜ್' ಅಂತ ಬರೆದದ್ದು, ಏಕೆಂದರೆ ಹೀಟರ್‌ನ ಪೂರ್ತಿ ಕರೆಂಟ್ ಅದರ ಮೂಲಕವೇ ಹರಿಯುತ್ತದೆ. ಎಷ್ಟು ಹರಿಯುತ್ತದೆ ಅಂತ ಲೆಕ್ಕ ಹಾಕಿ ಕೊಳ್ಳಿ. ಹೀಟರ್‌ನ ಲೇಬಲ್‌ನಲ್ಲಿ ವಾಟ್ ಇರುತ್ತದೆ. ಒಂದೇ ಥರ್ಮೋಸ್ಟಾಟ್‌ಗೆ 1500ರದ್ದು ಒಂದು, 750ರದ್ದು ಒಂದು ಇದ್ದರೆ 2250 ವಾಟ್, 240ರಿಂದ ಭಾಗಿಸಿದರೆ ಸುಮಾರು 9.4 ಆಂಪಿಯರ್. ಥರ್ಮೋಸ್ಟಾಟ್ ಇದಕ್ಕಿಂತ ಹೆಚ್ಚು ತಡೆಯುವಂಥದ್ದಿರಲಿ.

ಇಷ್ಟು ಕರೆಂಟ್ ಗಂಟೆಗಟ್ಟಲೆ ಹರಿಯುವ ಕಡೆ ಜಾಯಿಂಟ್ ಸಡಿಲ ಇದ್ದರೆ ಏನಾಗುತ್ತದೆ ಅಂತ ಟಕೋಮಾದಲ್ಲಿ ನನ್ನ ತಂಗಿಯ ಮನೆಯಲ್ಲಿ ಕಣ್ಣಾರೆ ನೋಡಿದೆ. ಮುಚ್ಚಳ ಬಿಚ್ಚುತ್ತಲೇ ಸುಟ್ಟ ಮೀನಿನಂಥ ವಾಸನೆ. ತಂತಿ ಸೇರಿಸಿದ್ದ ಪ್ಲಾಸ್ಟಿಕ್ ಟೋಪಿ, ಅದೇ ವೈರ್ ನಟ್, ಮುಟ್ಟಿದರೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು, ಒಳಗಿನ ತಾಮ್ರ ಕಪ್ಪಗಾಗಿತ್ತು. ಕಪ್ಪು ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವ ತನಕ ಸುಲಿದು, ಹೊಸ ನಟ್ ಹಾಕಿದೆ. ಊರಲ್ಲಿ ಮಾಡುವ ಹಾಗೆ ತಿರುಚಿ ಟೇಪು ಸುತ್ತಿ ಬಿಡಬೇಡಿ. ನಟ್ ಬಿಗಿ ಮಾಡಿದ ಮೇಲೆ ಒಂದೊಂದೇ ತಂತಿ ಎಳೆದು ನೋಡಿ.

ತಂತಿ ಬೆಳ್ಳಿ ಬಣ್ಣದ್ದಾಗಿದ್ದರೆ ಅದು ಅಲ್ಯೂಮಿನಿಯಂ ಇರಬಹುದು, ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ತಂತಿಯ ಹೊದಿಕೆ ಮುಟ್ಟಿದರೆ ಒಡೆಯುವಂತಿದ್ದರೂ ಅಷ್ಟೇ. ಇಂಥ ಕೆಲಸಕ್ಕೆ ಬೆಲ್‌ವ್ಯೂನಲ್ಲಿ ನಿಯಮ ಏನು ಅಂತಲೂ ಕೇಳಿಕೊಳ್ಳಿ.

ಪ್ರಶ್ನೆ: ಒಟ್ಟಾವಾದಲ್ಲಿ ನಾವೂ ಹೊಸ ಥರ್ಮೋಸ್ಟಾಟ್ ಹಾಕಿಸಿದೆವು. ಆದರೂ ಹೀಟರ್ ಹತ್ತು ನಿಮಿಷ ಉರಿದು ನಿಂತುಬಿಡುತ್ತದೆ. ಕೋಣೆ ತಣ್ಣಗೇ ಇದೆ.

ಉತ್ತರ: ಹೀಟರ್ ಮೇಲೆ ಕಿಟಕಿ ಪರದೆ ಇಳಿಬಿದ್ದಿದೆಯಾ ನೋಡಿ. ಬಿಸಿಗಾಳಿ ಮೇಲೇಳಲು ದಾರಿ ಸಿಗದಿದ್ದರೆ ಹೀಟರ್‌ನ ಒಳಗಿರುವ ಸುರಕ್ಷತಾ ಕಟ್‌ಔಟ್ ತಾನೇ ಕರೆಂಟ್ ಕಡಿಯುತ್ತದೆ, ಥರ್ಮೋಸ್ಟಾಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಪರದೆ ಇಲ್ಲದಿದ್ದರೆ ಥರ್ಮೋಸ್ಟಾಟ್ ಪಕ್ಕ ಟೇಬಲ್ ಲ್ಯಾಂಪ್ ಅಥವಾ ಟೀವಿ ಇದೆಯಾ ನೋಡಿ. ಆ ಬಿಸಿಯನ್ನೇ ಅದು ಕೋಣೆಯ ಬಿಸಿ ಅಂದುಕೊಳ್ಳುತ್ತದೆ. ಲ್ಯಾಂಪನ್ನು ಆಚೆ ಇಟ್ಟು ಒಂದು ರಾತ್ರಿ ನೋಡಿ, ಆಮೇಲೆ ಮತ್ತೆ ಬರೆಯಿರಿ.