ಸ್ಕಾಲರ್‌ಶಿಪ್ ಸಿಕ್ಕರೂ ಕೆಲವರು ಪಿಎಚ್‌ಡಿ ಅರ್ಧಕ್ಕೆ ಬಿಡುವುದೇಕೆ?

ಅಮೆರಿಕದ ವೈದ್ಯಕೀಯ ಸಂಶೋಧನೆಯಲ್ಲಿ ಕಪ್ಪು ಜನಾಂಗದ, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ), ಮೂಲನಿವಾಸಿ ವಿದ್ಯಾರ್ಥಿಗಳಲ್ಲಿ ಕೆಲವರು ಸ್ಕಾಲರ್‌ಶಿಪ್ ಇದ್ದೂ ಪಿಎಚ್‌ಡಿ ಬಿಡುತ್ತಾರೆ. ಅವರು ಉಳಿಯಲು ಹಣ ಕೊಟ್ಟರೆ ಸಾಕೇ ಎಂಬುದು ಪ್ರಶ್ನೆ. ನೇರವಾಗಿ ಹೇಳುವುದಾದರೆ, ಹಣವೊಂದೇ ಸಾಲದು. ಗೈಡ್ ನಡೆದುಕೊಳ್ಳುವ ರೀತಿಯೂ ಬದಲಾಗಬೇಕು.

ಈ ಕ್ಷೇತ್ರದಲ್ಲಿ ವಿದ್ಯಾರ್ಥಿ ಐದಾರು ವರ್ಷ ಒಬ್ಬರದೇ ಲ್ಯಾಬಿನಲ್ಲಿರುತ್ತಾನೆ. ಪ್ರಯೋಗದ ವಿಷಯ, ಪ್ರಬಂಧದಲ್ಲಿ ಯಾರ ಹೆಸರು ಮೊದಲು, ಮುಂದಿನ ಕೆಲಸಕ್ಕೆ ಶಿಫಾರಸು ಪತ್ರ, ಎಲ್ಲಕ್ಕೂ ಅದೇ ಗೈಡ್. ಯಾವಾಗ ಧೈರ್ಯವಾಗಿ ಪ್ರಶ್ನೆ ಕೇಳಬಹುದು, ಕೆಟ್ಟುಹೋದ ಪ್ರಯೋಗವನ್ನು ಹೇಗೆ ಹೇಳಿಕೊಳ್ಳಬೇಕು ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಪ್ರೊಫೆಸರರ ಮಕ್ಕಳಿಗೆ ಅದು ಊಟದ ಮೇಜಿನಲ್ಲೇ ಗೊತ್ತಾಗಿರುತ್ತದೆ. ಮನೆಯಲ್ಲಿ ಮೊದಲು ಕಾಲೇಜು ಕಂಡವರು ಒಂದು ಪ್ರಯೋಗ ಕೈಕೊಟ್ಟರೆ ‘ನನಗೇ ಯೋಗ್ಯತೆಯಿಲ್ಲ’ ಎಂದುಕೊಳ್ಳುತ್ತಾರೆ. (ನಮ್ಮಲ್ಲೂ ಹಳ್ಳಿಯಿಂದ ಬಂದ ಎಷ್ಟೋ ಸಂಶೋಧಕರಿಗೆ ಇದು ಹೊಸದಲ್ಲ.)

ಅಮೆರಿಕದ ಖಾಸಗಿ ಸಂಶೋಧನಾ ಸಂಸ್ಥೆ ಹೊವರ್ಡ್ ಹ್ಯೂಸ್ ಮೆಡಿಕಲ್ ಇನ್‌ಸ್ಟಿಟ್ಯೂಟ್ ಇಂಥ ಪಿಎಚ್‌ಡಿ ವಿದ್ಯಾರ್ಥಿಗಳಿಗಾಗಿ 2004ರಲ್ಲಿ ಶುರುಮಾಡಿದ ಗಿಲಿಯಮ್ ಫೆಲೋಶಿಪ್ ಮೊದಲು ವಿದ್ಯಾರ್ಥಿಗೆ ಮಾತ್ರ ಸಿಗುತ್ತಿತ್ತು. ಆಮೇಲೆ ಅದನ್ನು ವಿದ್ಯಾರ್ಥಿ-ಗೈಡ್ ಜೋಡಿಗೆ ಕೊಡತೊಡಗಿದರು. ಗೈಡ್‌ಗೆ ವರ್ಷವಿಡೀ ಮಾರ್ಗದರ್ಶನದ ತರಬೇತಿ ಕಡ್ಡಾಯ ಮಾಡಿದರು. ನನ್ನ ಮಟ್ಟಿಗೆ ಸ್ಟೈಪೆಂಡ್‌ಗಿಂತ ಈ ಷರತ್ತೇ ದೊಡ್ಡದು. ವಿದ್ಯಾರ್ಥಿಯ ಕೈಯಲ್ಲಿ ಸ್ವಂತ ಹಣವಿದ್ದರೆ ಹೊಂದಿಕೆಯಾಗದ ಲ್ಯಾಬನ್ನು ಬಿಡುವುದೂ ಸುಲಭ, ಅದು ಬೇರೆ ಮಾತು.